ಕಾಗೆಗೆ ಕೊಟ್ಟ ಮಾತು: ದೇವರನ್ನು ನಂಬದವರು ಮನೆಯ ಕರ್ಮಗಳಲ್ಲಿ ಏನು ಮಾಡುತ್ತೀರಿ?

ಅಡಿಕೆಸೋಗೆ (ಸಾಗರ, ಸದ್ಯ ಬೆಂಗಳೂರು)

ದೇವರಿದ್ದಾನೆಯೇ ಇಲ್ಲವೇ ಎಂಬ ಚರ್ಚೆಗಾಗಿ ಇದನ್ನು ಬರೆಯುತ್ತಿಲ್ಲ. ನನ್ನ ಮಟ್ಟಿಗೆ ಅದು ಎರಡನೆಯ ಪಿಯುಸಿಯಲ್ಲೇ ಮುಗಿದ ಮಾತು. ಈಗ ನನಗೆ ನಲವತ್ತೆರಡು. ಇಷ್ಟು ವರ್ಷ ನನ್ನ ನಾಸ್ತಿಕತೆ ಸುಖವಾಗಿಯೇ ಇತ್ತು. ಮನೆಯವರು ದೇವಸ್ಥಾನದ ಒಳಗೆ ಹೋದಾಗ ಹೊರಗೆ ಕುಳಿತು ಚಪ್ಪಲಿ ಕಾಯುವುದಕ್ಕಿಂತ ದೊಡ್ಡ ಕೆಲಸವನ್ನು ಅದು ನನಗೆ ಎಂದೂ ಕೊಟ್ಟಿರಲಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಅಪ್ಪಯ್ಯ ತೀರಿಕೊಂಡರು. ನಾನು ಒಬ್ಬನೇ ಮಗ. ಯಾರೂ ನನ್ನನ್ನು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ತಲೆ ಬೋಳಿಸಿದರು, ಒದ್ದೆ ಪಂಚೆ ಉಡಿಸಿದರು. ಭಟ್ಟರು ಅಪಸವ್ಯ ಎಂದಾಗ ಜನಿವಾರವನ್ನು ಬಲಕ್ಕೆ ಹಾಕಿಕೊಂಡೆ, ಸವ್ಯ ಎಂದಾಗ ಎಡಕ್ಕೆ. ಆ ಜನಿವಾರವನ್ನೂ ಅಂದೇ ಪೇಟೆಯಿಂದ ತರಿಸಿದ್ದರು. ನನ್ನದು ಕಾಲೇಜು ಹಾಸ್ಟೆಲಿನ ಮೊಳೆಯೊಂದಕ್ಕೆ ಎಂದೋ ಸೇರಿಹೋಗಿತ್ತು.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಪಿಂಡ ಇಟ್ಟರೆ ಕಾಗೆ ಬರಲಿಲ್ಲ. ಅರ್ಧ ಗಂಟೆಯಾಯಿತು. ಸಣ್ಣಗೆ ಮಳೆ ಬೇರೆ. ಮತ್ತಿಮರದ ಮೇಲೆ ಎರಡು ಕಾಗೆಗಳು ಕುಳಿತಿದ್ದವು, ಇಳಿಯಲಿಲ್ಲ. ಚಿಕ್ಕಪ್ಪ ಹತ್ತಿರ ಬಂದು, “ಅಣ್ಣನಿಗೆ ಏನೋ ಆಸೆ ಉಳಿದಿದೆ. ತೋಟ ಮಾರುವುದಿಲ್ಲ ಎಂದು ಹೇಳು” ಎಂದರು. ತೋಟ ಮಾರುವ ವಿಷಯವನ್ನು ನಾನು ಹೆಂಡತಿಯೊಂದಿಗೆ ಬಿಟ್ಟು ಬೇರೆ ಯಾರೊಂದಿಗೂ ಆಡಿರಲಿಲ್ಲ. ಅದೂ ಫೋನಿನಲ್ಲಿ, ಹಿತ್ತಿಲಿನಲ್ಲಿ ನಿಂತು. “ತೋಟ ಮಾರುವುದಿಲ್ಲ ಅಪ್ಪಯ್ಯ” ಎಂದೆ, ಮರದ ಮೇಲಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಎರಡು ನಿಮಿಷವಾಗಿರಲಿಲ್ಲ, ಕಾಗೆ ಇಳಿಯಿತು. ನನಗೆ ಅಳು ಬಂತು. ಇಲ್ಲಿ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಈಗ ಮುಂದಿನ ತಿಂಗಳು ವರ್ಷದ ಶ್ರಾದ್ಧ. ಮಾಸಿಕಗಳನ್ನು ರಜೆ ಇಲ್ಲವೆಂಬ ನೆಪದಲ್ಲಿ ತಪ್ಪಿಸಿಕೊಂಡಿದ್ದೆ. ಇದಕ್ಕೆ ಆ ನೆಪ ಸಾಲದು. ಇನ್ನೊಂದು ಕಡೆ, ಎಲೆಚುಕ್ಕಿ ರೋಗ ಹಿಡಿದ ಎರಡೂವರೆ ಎಕರೆ ತೋಟಕ್ಕೆ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಆರನೆಯ ತರಗತಿಯ ಮಗಳು ಮೊನ್ನೆ ಕೇಳಿದಳು: “ಕಾಗೆ ಅಜ್ಜ ಅಲ್ಲ ಎಂದು ನೀನೇ ಹೇಳಿದ್ದೆ. ಹಾಗಾದರೆ ಮಾತು ಕೊಟ್ಟದ್ದು ಯಾರಿಗೆ?”

ನನ್ನಲ್ಲಿ ಉತ್ತರವಿಲ್ಲ. ನೀವೆಲ್ಲ ಇಂಥದ್ದನ್ನು ಹೇಗೆ ದಾಟಿದಿರಿ?

ಕಡಲತಡಿ (ಕುಂದಾಪುರ)

ಒಂದೇ ಪ್ರಶ್ನೆ. ಮಾತು ಕೊಡುವಾಗ ಉಳಿದವರು ಎಲ್ಲಿದ್ದರು? ಪಿಂಡದ ಸುತ್ತಲೇ ನಿಂತಿದ್ದರೇ, ಹಿಂದೆ ಸರಿದರೇ?

ಅಡಿಕೆಸೋಗೆ

ಚಿಕ್ಕಪ್ಪ ಎಲ್ಲರನ್ನೂ ಹಿಂದೆ ಕಳುಹಿಸಿದರು. ನಾನು ಮಾತು ಹೇಳಿ ಕೈಮುಗಿದು ತಿರುಗಿ ನೋಡದೆ ಬರಬೇಕೆಂದರು. ಹಾಗೇ ಬಂದೆ.

ಕಡಲತಡಿ

ಅಷ್ಟೇ ವಿಷಯ. ಮನುಷ್ಯರು ಗುಂಪುಗಟ್ಟಿ ತನ್ನನ್ನೇ ನೋಡುತ್ತ ನಿಂತಿದ್ದರೆ ಕಾಗೆ ಕೆಳಗಿಳಿಯುವುದಿಲ್ಲ. ನೋಟ ಯಾವ ಕಡೆಗಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಹೊಸ ವಸ್ತು ಕಂಡರೂ ಅದಕ್ಕೆ ಅಂಜಿಕೆ. ಊರೊಳಗಿನ ಬೂದುಕುತ್ತಿಗೆಯ ಕಾಗೆಗಾದರೂ ಧೈರ್ಯ ಹೆಚ್ಚು. ನಿಮ್ಮ ಹೊಳೆದಂಡೆಯದು ಕಾಡುಕಾಗೆಯಾಗಿದ್ದರೆ ಇನ್ನಷ್ಟು ಹುಷಾರಿ. ನಮ್ಮ ಕಡೆ ಸ್ಮಶಾನದ ಪಕ್ಕದ ಕಾಗೆಗಳು ಮಂತ್ರ ಮುಗಿಯುವ ಮೊದಲೇ ಬಂದು ಕೂರುತ್ತವೆ, ಅಲ್ಲಿ ಯಾವ ಸತ್ತವನಿಗೂ ಆಸೆ ಉಳಿದಿರುವುದಿಲ್ಲ! ಕಾಗೆ ಬರದಿದ್ದಾಗ ಹಿರಿಯರು ಹೇಳುವ ಉಪಾಯಗಳನ್ನೆಲ್ಲ ನೆನಪಿಸಿಕೊಳ್ಳಿ. ಮಾತು ಕೊಡು, ಹಿಂದೆ ಸರಿ, ತಿರುಗಿ ನೋಡಬೇಡ. ಕೆಲಸ ಮಾಡುವುದು ಕೊನೆಯ ಎರಡು.

ಗಣಿತಮೇಷ್ಟ್ರು (ಮೈಸೂರು)

1976ರಲ್ಲಿ ನಾನು ಬಸವನಗುಡಿಯಲ್ಲಿ ಓದುತ್ತಿದ್ದೆ. ಎಚ್. ನರಸಿಂಹಯ್ಯನವರು ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಸಮಿತಿ ರಚಿಸಿದ ವರ್ಷ ಅದು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾಗೆ ಪತ್ರ ಬರೆದರು, ಸಮಿತಿಯ ಎದುರು ಪವಾಡ ಮಾಡಿ ತೋರಿಸಿ ಎಂದು. ಒಪ್ಪಿಗೆ ಬರಲಿಲ್ಲ. ಉಂಗುರ, ವಿಭೂತಿ ಬೇಡ, ತೋಳಿನಲ್ಲಿ ಅಡಗದ ಕುಂಬಳಕಾಯಿ ಬರಿಸಲಿ ಎಂಬ ಮಾತು ಆಗ ನಮ್ಮ ಹಾಸ್ಟೆಲುಗಳಲ್ಲಿ ಮನೆಮಾತು. ನಾವು ಹುಡುಗರು ಅವರ ಬಿಳಿ ಟೋಪಿ, ಖಾದಿ ಪಂಚೆ ನೋಡಿ ಇದೇ ಬದುಕು ಎಂದುಕೊಂಡವರು.

1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿದವೆಂಬ ಸುದ್ದಿ ಹಬ್ಬಿದಾಗ ನಾನು ಮೇಷ್ಟ್ರಾಗಿದ್ದೆ. ಶಾಲೆಯ ಬಿಸಿಯಾದ ಚರ್ಚೆ ತಣ್ಣಗಾಗಲಿ ಎಂದು ಮನೆಯಿಂದ ರುಬ್ಬುಗುಂಡು ಹೊತ್ತುತಂದು ಮಕ್ಕಳ ಕೈಯಲ್ಲಿ ಚಮಚದಿಂದ ಹಾಲು ಕೊಡಿಸಿದೆ. ಗುಂಡೂ ಕುಡಿಯಿತು. ಮೇಲ್ಮೈ ಎಳೆತದ ಪಾಠ ಅಷ್ಟು ಸಲೀಸಾಗಿ ನಾನು ಮತ್ತೆಂದೂ ಮಾಡಿಲ್ಲ.

ಇಷ್ಟೆಲ್ಲ ಹೇಳಿದ್ದು ಜಂಬಕ್ಕಲ್ಲ. ನನ್ನ ತಂದೆ ಹೋದಾಗ ನಾನು ಕರ್ಮ ಮಾಡುವುದಿಲ್ಲ ಎಂದೆ, ಮಾಡಲಿಲ್ಲ. ದಾಯಾದಿಯೊಬ್ಬರು ಕೂತು ಮಾಡಿದರು. ಅಮ್ಮ ಒಂದು ವರ್ಷ ನನ್ನ ಕೈಯಿಂದ ನೀರು ಮುಟ್ಟಲಿಲ್ಲ. ನಾನು ಸರಿಯಾಗಿಯೇ ಇದ್ದೆ. ಇವತ್ತೂ ಹಾಗೇ ಮಾಡುತ್ತೇನೆ. ಆದರೆ ನರಸಿಂಹಯ್ಯನವರು ಮದುವೆಯಾಗದೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕಿದವರು ಎಂಬುದು ನನಗೆ ಹೊಳೆದದ್ದು ಆ ವರ್ಷ. ಅವರಿಗೆ ಮಾವನ ಮನೆಯ ಸತ್ಯನಾರಾಯಣ ಪೂಜೆ ಇರಲಿಲ್ಲ.

ಬೆಳಕಿಂಡಿ

ಮೇಷ್ಟ್ರೇ, ಸೋಗೆಯವರೇ, ಇಬ್ಬರಿಗೂ ಒಂದು ಮಾತು. ನೀವು ಕರ್ಮ ಮಾಡುವುದೋ ಬಿಡುವುದೋ ಎಂದು ಯೋಚಿಸುತ್ತೀರಿ. ನನಗೆ ಆ ಯೋಚನೆಯ ಭಾಗ್ಯವೇ ಇಲ್ಲ. ನಾನೂ ನಂಬುವುದಿಲ್ಲ, ಹತ್ತೊಂಬತ್ತು ವರ್ಷಗಳಿಂದ. ಮಾವನವರ ಶ್ರಾದ್ಧಕ್ಕೆ ಬೆಳಗಿನ ಜಾವ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ವಡೆ ಕರಿಯುವುದು, ಎಳ್ಳುಂಡೆ ಕಟ್ಟುವುದು, ಬಾಳೆಕಾಯಿ ಪಲ್ಯ ಮಾಡುವುದು ಈ ನಾಸ್ತಿಕಳೇ. ತಿಂಗಳ ಮೂರು ದಿನದ ಲೆಕ್ಕ ಹಾಕಿ ಮಾತ್ರೆ ನುಂಗುವುದೂ ನಾನೇ. ನನ್ನ ಗಂಡ ಆ ದಿನ ಸಂಕಲ್ಪದ ಹೊತ್ತಿಗೆ ಎದ್ದು ಬಂದು ಕೂರುತ್ತಾರೆ. ಅವರಿಗೂ ನಂಬಿಕೆಯಿಲ್ಲ, ಆದರೆ ಅವರ ಅಪನಂಬಿಕೆ ಬಹಳ ಗೌರವದ್ದು. ನೆಂಟರೆಲ್ಲ ಅವರನ್ನು “ವಿಚಾರವಂತ” ಎನ್ನುತ್ತಾರೆ. ನಾನು ಒಮ್ಮೆ ಬಾಯಿಬಿಟ್ಟಾಗ “ಓದಿದ ಸೊಕ್ಕು” ಎಂದರು.

ಅದಿರಲಿ. ಸೋಗೆಯವರೇ, ನಿಮ್ಮ ಬರಹದಲ್ಲಿ ಚಿಕ್ಕಪ್ಪ ಇದ್ದಾರೆ, ಭಟ್ಟರಿದ್ದಾರೆ, ಮಗಳಿದ್ದಾಳೆ, ಕಾಗೆಯೂ ಇದೆ. ನಿಮ್ಮ ತಾಯಿ ಏನು ಹೇಳಿದರು? ಅವರು ಎಲ್ಲಿ?

ಅಡಿಕೆಸೋಗೆ

ಕೇಳಿಲ್ಲ. ನಿಮ್ಮ ಪ್ರಶ್ನೆ ಓದಿದ ಮೇಲೆ ತಿಳಿಯಿತು. ಅಮ್ಮನಿಗೆ ಬೇಕಾಗಿರುತ್ತದೆ ಎಂದು ನಾನೇ ಅಂದುಕೊಂಡಿದ್ದೆ.

ಪೂರ್ವಪಕ್ಷ (ಶೃಂಗೇರಿ)

ಸ್ವಲ್ಪ ಹಳೆಯ ಮಾತಾಡಲೇ? ಶ್ರಾದ್ಧ ವ್ಯರ್ಥ ಎಂಬ ವಾದ ಹೊರಗಿನಿಂದ ಬಂದ ಸರಕು ಎಂದು ನಮ್ಮ ಕಡೆ ಹೇಳುವುದುಂಟು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡವನ್ನು ತೆರೆಯಿರಿ. ಚಿತ್ರಕೂಟದಲ್ಲಿ ಜಾಬಾಲಿ ಎಂಬ ಬ್ರಾಹ್ಮಣ ರಾಮನ ಮುಂದೆಯೇ ಹೇಳುತ್ತಾನೆ, ಅಷ್ಟಕಾ ಶ್ರಾದ್ಧವೆಂದು ಜನ ಅನ್ನ ಹಾಳುಮಾಡುವುದನ್ನು ನೋಡು, ಸತ್ತವನು ತಿನ್ನುವುದುಂಟೇ ಎಂದು. ಅದೂ ರಾಮ ಆಗಷ್ಟೇ ದಶರಥನಿಗೆ ಇಂಗಳದ ಕಾಯಿಯ ಹಿಂಡಿಯ ಪಿಂಡ ಇಟ್ಟಿದ್ದಾನೆ! ರಾಮನಿಗೆ ಸಿಟ್ಟು ಬರುತ್ತದೆ, ಬೈಯುತ್ತಾನೆ. ಜಾಬಾಲಿ ಮಾತು ಹಿಂತೆಗೆದುಕೊಳ್ಳುತ್ತಾನೆ. ಆದರೆ ಯಾರೂ ಆ ಶ್ಲೋಕವನ್ನು ಕಾವ್ಯದಿಂದ ಕಿತ್ತುಹಾಕಲಿಲ್ಲ.

ಇನ್ನು ಚಾರ್ವಾಕರು, ಪರಲೋಕವನ್ನೂ ವೇದವನ್ನೂ ಒಪ್ಪದ ನಮ್ಮ ಹಳೆಯ ಭೌತವಾದಿಗಳು. ಅವರ ಮೂಲ ಸೂತ್ರಗ್ರಂಥ ಉಳಿದಿಲ್ಲ. ನಮಗೆ ಸಿಗುವುದು ಹೆಚ್ಚಾಗಿ ಎದುರಾಳಿಗಳ ಬಾಯಿಂದ. ಎದುರಾಳಿಗಳಲ್ಲಿ ಹೆಸರಾದವರು ವಿಜಯನಗರದ ಕಾಲದ, 14ನೆಯ ಶತಮಾನದ ಮಾಧವಾಚಾರ್ಯರು. ಅವರ ಸರ್ವದರ್ಶನಸಂಗ್ರಹ ಎಂಬ ಗ್ರಂಥದ ಮೊದಲ ಅಧ್ಯಾಯವೇ ಚಾರ್ವಾಕ. ಅಲ್ಲಿ ಒಂದು ವಾದ ಹೀಗಿದೆ: ಇಲ್ಲಿ ಇಟ್ಟ ಅನ್ನ ಸತ್ತವರನ್ನು ತಣಿಸುವುದಾದರೆ, ಪ್ರಯಾಣ ಹೊರಟವನಿಗೆ ಬುತ್ತಿ ಕಟ್ಟುವುದೇಕೆ? ಮನೆಯಲ್ಲೇ ಅವನ ಹೆಸರಿನಲ್ಲಿ ಬಡಿಸಿದರಾಯಿತಲ್ಲ. ಇಲ್ಲಿ ಕೊಟ್ಟದ್ದು ಸ್ವರ್ಗಕ್ಕೆ ಮುಟ್ಟುವುದಾದರೆ ಮಹಡಿಯ ಮೇಲೆ ಕುಳಿತವನಿಗೇಕೆ ಮುಟ್ಟುವುದಿಲ್ಲ?

ಅದೇ ಅಧ್ಯಾಯದಲ್ಲಿ “ಸಾಲ ಮಾಡಿಯಾದರೂ ತುಪ್ಪ ಕುಡಿ” ಎಂಬ ಶ್ಲೋಕವೂ ಇದೆ, ನಾಸ್ತಿಕ ಎಂದೊಡನೆ ಎಲ್ಲರೂ ಎಸೆಯುವಂಥದ್ದು. ಆದರೆ ಅಧ್ಯಾಯದ ಆರಂಭದಲ್ಲಿ ಅದರದೇ ಇನ್ನೊಂದು ಪಾಠವಿದೆ. ಅಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಬದುಕಿರುವಷ್ಟು ಕಾಲ ಸುಖವಾಗಿ ಬದುಕು, ಸಾವಿಗೆ ಸಿಗದವರಿಲ್ಲ, ಬೂದಿಯಾದ ದೇಹ ಮರಳುವುದೆಲ್ಲಿ ಎಂದಷ್ಟೇ. ನನ್ನ ಗುಮಾನಿ, ತುಪ್ಪವನ್ನು ಆಮೇಲೆ ಯಾರೋ ಬಡಿಸಿದ್ದಾರೆ. ನಾಸ್ತಿಕ ಎಂಬ ಪದವೂ ಮನುವಿನಲ್ಲಿ ದೇವರನ್ನು ಒಪ್ಪದವನಿಗಲ್ಲ, ವೇದವನ್ನು ನಿಂದಿಸುವವನಿಗೆ. ಸೃಷ್ಟಿಕರ್ತನನ್ನು ಒಪ್ಪದ, ಆದರೆ ವೇದವನ್ನು ಒಪ್ಪಿದ ಮೀಮಾಂಸಕ ಆಸ್ತಿಕನಾಗಿ ಮರ್ಯಾದೆಯಿಂದ ಓಡಾಡಿಕೊಂಡಿದ್ದ.

ಸಂಧ್ಯಾದೀಪ (ಹಾಸನ)

ನಾನು ನಂಬುವವಳು. ಹೊರಗಿನವಳೆಂದು ಕಳುಹಿಸದಿದ್ದರೆ ಎರಡು ಮಾತು. ಶ್ರದ್ಧೆಯಿಂದ ಮಾಡುವುದಕ್ಕೆ ಶ್ರಾದ್ಧ ಎಂದು ಹೆಸರು. ನಂಬದೆ, ಗಡಿಯಾರ ನೋಡುತ್ತ ಜನಿವಾರ ಎಡಕ್ಕೂ ಬಲಕ್ಕೂ ಹಾಕಿಕೊಳ್ಳುವವನು ನನ್ನ ಮನೆಗೆ ಬಂದು ನಾಟಕವಾಡಿದಂತೆ ಅನಿಸುತ್ತದೆ. ದಯವಿಟ್ಟು ಮಾಡಬೇಡಿ. ನಿಮ್ಮ ತಂದೆಗಾಗಿ ಅಲ್ಲ, ನಮಗಾಗಿ ಮಾಡಬೇಡಿ. ಮತ್ತೆ, ಜನರೆದುರು ದುಃಖದಲ್ಲಿರುವವನಿಂದ ತೋಟದ ಮಾತು ಪಡೆದ ಚಿಕ್ಕಪ್ಪನವರದು ಯಾವ ಶಾಸ್ತ್ರವೂ ಅಲ್ಲ.

ಬೆಳಕಿಂಡಿ

ಇಡೀ ಚರ್ಚೆಯಲ್ಲಿ ಖಡಾಖಂಡಿತವಾಗಿ ಬೇಡ ಎಂದವರು ದೇವರನ್ನು ನಂಬುವವರು! ಸಂಧ್ಯಾದೀಪ ಅವರೇ, ಇಲ್ಲೇ ಇರಿ.

ಬಿಸಿಲೂರು (ಕಲಬುರಗಿ)

ಎಲ್ಲವನ್ನೂ ಓದಿದೆ. ಸಿಟ್ಟು ಮಾಡಿಕೊಳ್ಳಬೇಡಿ, ಈ ಸಂಕಟ ನನಗೆ ದೂರದ್ದು. ನೀವು ದೇವರನ್ನು ಬಿಟ್ಟವರು. ನನ್ನ ಅಜ್ಜನನ್ನು ದೇವರ ಹತ್ತಿರ ಬಿಟ್ಟವರೇ ಇಲ್ಲ, ಇನ್ನು ಅವನು ಬಿಡುವುದೇನು? ಗುಡಿಯ ಹೊರಗಿನ ಕಟ್ಟೆಯ ಆಚೆ ನಿಂತು ಕೈಮುಗಿದು ಬರುತ್ತಿದ್ದ. ಅಪ್ಪ ಆ ಕೈಮುಗಿಯುವುದನ್ನೂ ನಿಲ್ಲಿಸಿದರು. ನಮ್ಮ ಮನೆಯ ಗೋಡೆಯ ಮೇಲೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳ ಹಾಳೆ ಚೌಕಟ್ಟು ಹಾಕಿ ತೂಗುಹಾಕಿದೆ. ಆರನೆಯದು ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು. ಅಪ್ಪ ಹೋದಾಗ ನಾವು ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು, ಮನೆಗೆ ಬಂದು ಚಹಾ ಕುಡಿದೆವು. ಯಾವ ಕಾಗೆಯೂ ನಮ್ಮನ್ನು ಹೆದರಿಸಲಿಲ್ಲ.

ಮೂಢನಂಬಿಕೆ ಎಂದರೆ ನನ್ನ ಕಣ್ಣ ಮುಂದೆ ಬರುವುದು ಬೇರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಊರಿನ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು, ವಾಸಿಯಾಗುತ್ತದೆಂದು. ಮಕ್ಕಳು ಅಳುತ್ತಿದ್ದವು. ಅಮಾನವೀಯ ಆಚರಣೆಗಳ ವಿರುದ್ಧದ ಕಾಯ್ದೆಯನ್ನು ನಮ್ಮ ಶಾಸನಸಭೆ 2017ರಲ್ಲೇ ಒಪ್ಪಿತ್ತು, ಜಾರಿಗೆ ಬಂದದ್ದು ಮಾತ್ರ 2020ರ ಜನವರಿಯಲ್ಲಿ, ಈ ಗ್ರಹಣ ಬಿಟ್ಟ ಮೇಲೆ. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಹತ್ತಿರದಲ್ಲಿ ಫಿಸಿಯೋಥೆರಪಿಯವರು ಸಿಕ್ಕಿದ್ದರೆ ಗ್ರಹಣಕ್ಕೆ ಕಾಯುತ್ತಿದ್ದರೇ?

ಗಣಿತಮೇಷ್ಟ್ರು

ಒಪ್ಪಿದೆ. ನಮ್ಮ ತಲೆಮಾರಿನ ವಿಚಾರವಾದ ಬಾಬಾಗಳ ತೋಳಿನೊಳಗೆ ಇಣುಕಿದಷ್ಟು ಆ ಹಳ್ಳಿಗಳೊಳಗೆ ಇಣುಕಲಿಲ್ಲ.

ಕಪ್ಪುಕೋಟು (ತುಮಕೂರು, ವಕೀಲ)

ಕಾನೂನಿನ ಕಡೆಯಿಂದ ಸ್ವಲ್ಪ. ಸೋಗೆಯವರೇ, ನೀವು ನಾಸ್ತಿಕರಾದರೂ ಕಾನೂನಿಗೆ ಹಿಂದೂ. 1956ರ ಉತ್ತರಾಧಿಕಾರ ಕಾಯ್ದೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರನ್ನೆಲ್ಲ ತನ್ನ ಚೀಲಕ್ಕೆ ಹಾಕಿಕೊಳ್ಳುತ್ತದೆ. ನಂಬುತ್ತೀರೋ ಎಂದು ಕೇಳುವುದಿಲ್ಲ. ಶ್ರಾದ್ಧ ಮಾಡದಿದ್ದರೆ ಆಸ್ತಿ ತಪ್ಪುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಇದರ ಹಿಂದೆ ನನಗೆ ಬಹಳ ಪ್ರಿಯವಾದ ಕಥೆಯಿದೆ. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ವಾರಸಿಕೆಗೂ ಪಿಂಡ ಇಡುವ ಅಧಿಕಾರಕ್ಕೂ ನಂಟಿತ್ತು. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಬೇರೆ ಹೇಳಿದ. ಸಪಿಂಡ ಎಂದರೆ ಒಂದೇ ಅನ್ನದ ಉಂಡೆಯವರಲ್ಲ, ಒಂದೇ ದೇಹದ ಅಂಶ ಹಂಚಿಕೊಂಡವರು ಎಂದ. ಒಂಬೈನೂರು ವರ್ಷಗಳ ಹಿಂದೆ ಬೀದರ್ ಜಿಲ್ಲೆಯಲ್ಲಿ ಕುಳಿತು ಪಿಂಡವನ್ನು ರಕ್ತಸಂಬಂಧವಾಗಿಸಿದವನು ಆಸ್ತಿಕನೇ, ದೊಡ್ಡ ಧರ್ಮಶಾಸ್ತ್ರಿ.

ಈಗ ಕಾಗೆಯ ಕರಾರು. ತಂದೆಯವರು ಉಯಿಲು ಬರೆಯದೆ ಹೋಗಿದ್ದರೆ ನಿಮ್ಮ ತಾಯಿ, ನೀವು, ಅಕ್ಕತಂಗಿಯರಿದ್ದರೆ ಅವರು, ಎಲ್ಲರೂ ಮೊದಲ ವರ್ಗದ ವಾರಸುದಾರರು. ಜಮೀನು ಪಿತ್ರಾರ್ಜಿತವಾದರೆ ಲೆಕ್ಕ ಸ್ವಲ್ಪ ಬೇರೆ, ಆದರೆ ಹೆಂಗಸರ ಪಾಲು ಎಲ್ಲೂ ಹೋಗುವುದಿಲ್ಲ. 2005ರ ತಿದ್ದುಪಡಿಯ ನಂತರ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ಆದ್ದರಿಂದ ಇಡೀ ತೋಟವನ್ನು ಮಾರುತ್ತೇನೆ ಎನ್ನಲೂ ಮಾರುವುದಿಲ್ಲ ಎನ್ನಲೂ ನಿಮಗೊಬ್ಬರಿಗೇ ಹಕ್ಕಿರಲಿಲ್ಲ. ಹಕ್ಕಿಯ ಹಕ್ಕು ಹಾಗಿರಲಿ.

ಎಲ್ಲರಿಗೂ ಇಷ್ಟು ಸಲೀಸಲ್ಲ ಎಂಬುದೂ ನೆನಪಿರಲಿ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ನಂಬಿಕೆ ಬಿಟ್ಟ ಕೇರಳದ ಮಹಿಳೆಯೊಬ್ಬರ ಅರ್ಜಿ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ತನಗೆ ಷರಿಯತ್ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಲಿ ಎಂಬುದು ಅವರ ಕೋರಿಕೆ. 2011ರ ಜನಗಣತಿಯಲ್ಲಿ ಧರ್ಮ ಹೇಳದವರು ಸುಮಾರು 28.7 ಲಕ್ಷ, ನಾಸ್ತಿಕರೆಂದೇ ಬರೆಸಿದವರು 33 ಸಾವಿರ ಚಿಲ್ಲರೆ. ನಾನೂ ಗಣತಿಯವರು ಬಂದಾಗ ಬರೆಸಬೇಕೆಂದಿದ್ದೆ. ಅಂದು ಕೋರ್ಟಿನಲ್ಲಿದ್ದೆ. ಮನೆಯಲ್ಲಿ ಉತ್ತರ ಕೊಟ್ಟವರು ನನ್ನ ತಾಯಿ.

ಬೇಲಿಯಾಚೆ

ಊರು ಹೇಳುವುದಿಲ್ಲ, ಕರಾವಳಿ ಎಂದಿಟ್ಟುಕೊಳ್ಳಿ. ನಾನು ಶುಕ್ರವಾರ ಮಸೀದಿಗೆ ಹೋಗುತ್ತೇನೆ, ರಂಜಾನ್ ಉಪವಾಸವನ್ನೂ ಇರುತ್ತೇನೆ. ಕಚೇರಿಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಿಸ್ಕತ್ತು ತಿನ್ನುತ್ತೇನೆ. 2017ರಲ್ಲಿ ಕೊಯಮತ್ತೂರಿನಲ್ಲಿ ನಾಸ್ತಿಕತೆಯ ಮಾತಾಡಿದ್ದಕ್ಕೆ ನನ್ನದೇ ಸಮುದಾಯದ, ನನ್ನದೇ ವಯಸ್ಸಿನ ಒಬ್ಬನನ್ನು ಕೊಂದರು. ಅದಕ್ಕೆ ಎರಡು ವರ್ಷ ಮೊದಲು, ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಕಲಬುರ್ಗಿಯವರಿಗೆ ಮನೆಯ ಬಾಗಿಲಲ್ಲೇ ಗುಂಡು ಹಾರಿಸಿದ್ದರು. ಅವರು ವಚನಗಳ ವಿದ್ವಾಂಸರು. ಗುಂಡಿಗೆ ಆಸ್ತಿಕ ನಾಸ್ತಿಕ ಎಂಬ ವ್ಯಾಕರಣ ತಿಳಿಯುವುದಿಲ್ಲ. ಸೋಗೆಯವರೇ, ನೀವು ನಿಮ್ಮ ಅಮ್ಮನೊಂದಿಗೆ ಮಾತಾಡಬಹುದು. ಮಾತಾಡಿ. ನಾನು ನನ್ನ ಉಮ್ಮನೊಂದಿಗೆ ಮಾತಾಡಿದ್ದೇನೆ ಎಂದು ಕನಸು ಕಾಣುತ್ತೇನೆ.

ನೀರಿನಾಚೆ (ಲೆಸ್ಟರ್, ಇಂಗ್ಲೆಂಡ್)

ಬೇಲಿಯಾಚೆಯವರ ಮಾತಿನ ಮುಂದೆ ನನ್ನದು ಹಗುರ. ಇಲ್ಲಿ ಯಾರೂ ಕೇಳುವುದೇ ಇಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಶೇಕಡ 37.2ರಷ್ಟು ಜನ ಧರ್ಮವಿಲ್ಲ ಎಂದು ಬರೆಸಿದ್ದಾರೆ, ನಾನೂ ಒಬ್ಬ. ನೆರೆಯ ಮುದುಕರ ಅಂತ್ಯಕ್ರಿಯೆಗೆ ಹೋಗಿದ್ದೆ. ಪಾದ್ರಿ ಇರಲಿಲ್ಲ, ಮಾನವತಾವಾದಿಗಳ ಸಂಘದಿಂದ ಬಂದ ಹೆಂಗಸೊಬ್ಬರು ಸತ್ತವರ ಬದುಕನ್ನು ಇಪ್ಪತ್ತು ನಿಮಿಷ ಚೆನ್ನಾಗಿ ಓದಿದರು, ಮುಗಿಯಿತು. ಆದರೂ ಪ್ರತಿ ವರ್ಷ ನಮ್ಮ ಊರಿನ ಕನ್ನಡದವರ ಗಣೇಶನ ಹಬ್ಬಕ್ಕೆ ಪಾತ್ರೆ ತೊಳೆಯಲು ಮೊದಲು ಹೋಗುವವನು ನಾನೇ. ನನ್ನ ಮಕ್ಕಳಿಗೆ ಐವತ್ತು ಜನ ಒಟ್ಟಿಗೆ ಕನ್ನಡದಲ್ಲಿ ಜಗಳವಾಡುವುದು ಕೇಳಿಸುವ ಜಾಗ ಅದೊಂದೇ. ಗಣೇಶನಿಗೆ ಈ ಒಪ್ಪಂದದಿಂದ ಬೇಸರವಾದಂತಿಲ್ಲ.

ಬೆಳಕಿಂಡಿ

ಪಾತ್ರೆ ತೊಳೆಯುವ ಗಂಡಸು ಸಿಕ್ಕರೆ ಗಣೇಶನಿಗೇಕೆ ಬೇಸರ.

ಹಳೇಸಂಕ (ಶಿರಸಿ)

ನಮ್ಮ ಮನೆಯದು ಬೇರೆ ದಾರಿ. ಅಪ್ಪ ದೇಹದಾನಕ್ಕೆ ಬರೆದಿಟ್ಟಿದ್ದರು. ಇಂಥ ಯೋಚನೆ ಇರುವವರಿಗೆ ಕೆಲವು ವಿಷಯಗಳು ಮೊದಲೇ ತಿಳಿದಿರಲಿ. ಬರೆದಿಟ್ಟರಷ್ಟೇ ಸಾಲದು, ಕೊನೆಗೆ ದೇಹ ಒಪ್ಪಿಸುವವರು ಮನೆಯವರು. ಅವರು ಅಡ್ಡನಿಂತರೆ ಕಾಲೇಜಿನವರು ಬಲವಂತ ಮಾಡುವುದಿಲ್ಲ. ಮರಣೋತ್ತರ ಪರೀಕ್ಷೆ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣುಗಳನ್ನು ಆರು ಗಂಟೆಯೊಳಗೆ ತೆಗೆಯಬೇಕು, ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು. ವೈದ್ಯರ ಮರಣ ಪ್ರಮಾಣಪತ್ರ ಕೈಯಲ್ಲಿರಬೇಕು.

ಯಾರೂ ಹೇಳದ ವಿಷಯ ಇನ್ನೊಂದು. ಆಂಬುಲೆನ್ಸ್ ಹೋದ ಮೇಲೆ ಮಾಡಲು ಏನೂ ಕೆಲಸವಿರುವುದಿಲ್ಲ. ಬೆಂಕಿಯಿಲ್ಲ, ಬೂದಿಯಿಲ್ಲ, ಸ್ನಾನವಿಲ್ಲ. ಅಮ್ಮ ಜಗಲಿಯ ಮೇಲೆ ಕುಳಿತು “ಇನ್ನೇನು ಮಾಡುವುದು?” ಎಂದರು. ನಾನು ಅಪ್ಪನ ವಿಚಾರಕ್ಕೆ ಹೆಮ್ಮೆ ಪಡುತ್ತ ನಿಂತಿದ್ದೆ, ಆ ಪ್ರಶ್ನೆಗೆ ತಯಾರಿರಲಿಲ್ಲ. ಕೊನೆಗೆ ಪಕ್ಕದ ಮನೆಯವರು ಅನ್ನ, ಸಾರು ತಂದರು. ಹದಿಮೂರು ದಿನದ ಗಡಿಬಿಡಿಯಲ್ಲಿ ದುಃಖಕ್ಕೆ ಕೈಕೆಲಸ ಸಿಗುತ್ತದೆ ಎಂದು ಆಗ ತಿಳಿಯಿತು. ಕೈಕೆಲಸಕ್ಕೆ ಮಂತ್ರವೇ ಬೇಕೆಂದಿಲ್ಲ, ಆದರೆ ಏನಾದರೂ ಬೇಕು.

ಅಡಿಕೆಸೋಗೆ

ಎಲ್ಲರಿಗೂ. ತಡವಾಗಿ ಬಂದೆ, ಊರಿನಲ್ಲಿ ನೆಟ್‌ವರ್ಕ್ ಗೊತ್ತಲ್ಲ, ಬೇಣದ ಮೇಲೆ ಹತ್ತಬೇಕು.

ಹದಿನೈದು ದಿನ ಮುಂಚೆಯೇ ಹೋಗಿ ಅಮ್ಮನನ್ನು ಕೇಳಿದೆ. ನಾನು ಪಿಂಡ ಇಡುವುದಿಲ್ಲ, ನಂಬಿಕೆಯಿಲ್ಲದೆ ಕೂರಲಾರೆ, ಹೋದ ವರ್ಷ ಕೂತದ್ದೇ ನನಗೆ ಸರಿಹೋಗಿಲ್ಲ ಎಂದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ನಿಲ್ಲಿಸಲಿಲ್ಲ. “ನಿನಗೆ ನಂಬಿಕೆಯಿಲ್ಲ ಎಂದು ನಿನ್ನ ಅಪ್ಪಯ್ಯನಿಗೂ ಗೊತ್ತಿತ್ತು. ನಿನಗೆ ಜನಿವಾರ ತರಲು ಹೇಳಿದ್ದು ನಾನೇ” ಎಂದರು. ಆಮೇಲೆ, “ಮಂತ್ರ ನನಗೆ ಅರ್ಥವಾಗುವುದಿಲ್ಲ. ಆ ದಿನ ಒಲೆ ಉರಿಯಬೇಕು, ಅವರ ಹೆಸರಿನಲ್ಲಿ ನಾಲ್ಕು ಜನ ಉಣ್ಣಬೇಕು. ಅಷ್ಟಿಲ್ಲದಿದ್ದರೆ ಅವರು ಹೋದದ್ದು ಬರೀ ಹೋದದ್ದಾಗುತ್ತದೆ” ಎಂದರು. ಹಳೇಸಂಕದವರೇ, ನೀವು ಬರೆದದ್ದು ನೆನಪಾಯಿತು.

ಭಟ್ಟರು ಒಳ್ಳೆಯವರು, ಬೇಸರಿಸಲಿಲ್ಲ. ಚಿಕ್ಕಪ್ಪ ತಮ್ಮ ಮನೆಯಲ್ಲಿ ತರ್ಪಣ ಬಿಟ್ಟರು. ನಮ್ಮಲ್ಲಿ ಅಡುಗೆ ಆಯಿತು. ಬೆಳಕಿಂಡಿಯವರೇ, ವಡೆ ಕರಿದವನು ನಾನು; ಮೊದಲ ಸುತ್ತು ಕರಕಲಾಯಿತು, ತಂಗಿ ಕುಳಿತು ನಕ್ಕಳು. ಅಪ್ಪಯ್ಯನಿಗೆ ಮೂವತ್ತು ವರ್ಷ ಅಡಿಕೆ ಕೊನೆ ಇಳಿಸಿಕೊಟ್ಟ ಕೊನೆಗೌಡ, ಅವನ ಮನೆಯವರು, ಸೊಸೈಟಿಯಲ್ಲಿ ಅಪ್ಪಯ್ಯನೊಂದಿಗೆ ಲೆಕ್ಕ ಬರೆಯುತ್ತಿದ್ದವರು, ಹೀಗೆ ಇಪ್ಪತ್ತೆರಡು ಎಲೆ. ಒಳಗಿನ ಪಂಕ್ತಿ ಹೊರಗಿನ ಪಂಕ್ತಿ ಎಂದು ಬೇರೆ ಮಾಡಲಿಲ್ಲ. ನಮ್ಮ ಮನೆಯಲ್ಲಿ ಅದು ಮೊದಲ ಸಲ. ನನ್ನ ನಾಸ್ತಿಕತೆಗಿಂತ ನೆಂಟರಿಗೆ ಹೆಚ್ಚು ಕಿರಿಕಿರಿಯಾದದ್ದು ಅದರಿಂದ. ಇಬ್ಬರು ಉಣ್ಣದೆ ಹೋದರು. ಬಿಸಿಲೂರಿನವರು ನಗುತ್ತಿರಬಹುದು.

ಊಟದ ಮೇಲೆ ಚಿಕ್ಕಪ್ಪ ಬಂದು ತೋಟದ ಮಾತು ತೆಗೆದರು. “ಹೊಳೆದಂಡೆಯಲ್ಲಿ ಮಾತು ಕೊಟ್ಟಿದ್ದೀಯಲ್ಲ” ಎಂದರು. ಆಗ ಗೊತ್ತಾಯಿತು, ಅವರ ತೋಟಕ್ಕೆ ಹೋಗುವ ನೀರಿನ ಕಾಲುವೆ ನಮ್ಮ ತೋಟದೊಳಗಿಂದ ಬರುತ್ತದೆ, ಕಾಗದಪತ್ರ ಏನೂ ಇಲ್ಲ. ಹೊಸಬರು ಬಂದರೆ ಮುಚ್ಚಿಬಿಡುತ್ತಾರೆಂಬ ಭಯ. ನೇರವಾಗಿ ಕೇಳಲು ಸಂಕೋಚ, ಅಣ್ಣನ ಮೂಲಕ ಕೇಳಿಸಿದರು. ಹಿತ್ತಿಲಿನ ಫೋನ್ ಅವರಿಗೆ ಹೇಗೆ ಕೇಳಿಸಿತೋ ಅದನ್ನು ಮಾತ್ರ ಹೇಳಲಿಲ್ಲ. ಕಪ್ಪುಕೋಟಿನವರು ಬರೆದದ್ದನ್ನು ನಾನು ಓದಿ ಹೇಳಿದೆ. ಅಮ್ಮ ಕೇಳಿಸಿಕೊಂಡು, “ಮಾತು ಕೊಟ್ಟದ್ದು ಅವನು. ನಾನೂ ನನ್ನ ಮಗಳೂ ಕೊಟ್ಟಿಲ್ಲ. ಕಾಲುವೆಗೆ ಕಾಗದ ಮಾಡಿಸಿಕೋ, ಕಾಗೆಯನ್ನು ಬಿಡು” ಎಂದರು ಮೈದುನನಿಗೆ. ತೋಟದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅಮ್ಮನಿಗೆ ಬೆಲೆ ಕಡಿಮೆ ಎನಿಸಿದೆಯಂತೆ. ಈ ಮಳೆಗೆ ಎರಡನೆಯ ಸುತ್ತು ಕೊಳೆರೋಗದ ಮದ್ದು ಹೊಡೆಸಿ ಬಂದಿದ್ದೇನೆ.

ಮಗಳ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಕಡಲತಡಿಯವರು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೆ, ಅಷ್ಟೇ. ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೂರು ದಿನ ಅಂಗಳದ ಮೂಲೆಯ ಕಲ್ಲಿನ ಮೇಲೆ ಅನ್ನ ಇಟ್ಟಳು. ಮೊದಲ ದಿನ ನಾವೆಲ್ಲ ಹತ್ತಿರ ನಿಂತು ನೋಡಿದೆವು, ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಎರಡನೆಯ ದಿನ ಜಗಲಿಗೆ ಬಂದು ಬೆನ್ನು ಹಾಕಿ ಕುಳಿತೆವು, ನಾಲ್ಕು ನಿಮಿಷ. ಮೂರನೆಯ ದಿನ ನನ್ನನ್ನು ಹತ್ತಿರ ನಿಲ್ಲಿಸಿ ಏನಾದರೂ ಮಾತು ಕೊಡು ಎಂದಳು. ವಾರಕ್ಕೊಮ್ಮೆ ಊರಿಗೆ ಫೋನ್ ಮಾಡುತ್ತೇನೆ ಎಂದೆ. ಬರಲಿಲ್ಲ. ನಾನು ಒಳಗೆ ಬಂದ ಮೇಲೆ ಮೂರು ನಿಮಿಷಕ್ಕೆ ಬಂತು.

ಫೋನ್ ಮಾಡುತ್ತಿದ್ದೇನೆ.

ಕಡಲತಡಿ

ಮೂರೂ ದಿನ ಅದೇ ಕಲ್ಲಿನ ಮೇಲೆ ಇಟ್ಟಿದ್ದೀರಿ. ಎರಡನೆಯ ದಿನಕ್ಕೇ ಕಾಗೆ ಜಾಗ ಕಲಿತಿರುತ್ತದೆ, ಅದರಿಂದಲೂ ಬೇಗ ಬಂದಿರಬಹುದು. ಮುಂದಿನ ರಜೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಇಟ್ಟು ನೋಡಲು ಮಗಳಿಗೆ ಹೇಳಿ. ಮಳೆ ಇದ್ದ ದಿನ, ಇಲ್ಲದ ದಿನ ಎಂದೂ ಒಂದು ಗೆರೆ ಹಾಕಿಕೊಳ್ಳಲಿ.